ಮಡಿಯಲ್ಲಿ ಕಾದಂಬರಿ

ನಾನು ಕಾದಂಬರಿ ಓದುತ್ತೇನೆ, ಅದರಲ್ಲೂ ಪ್ರೇಮದ ಕಾದಂಬರಿಗಳನ್ನೇ ಓದುತ್ತೇನೆ. ಇದರಲ್ಲಿ ಮುಚ್ಚುಮರೆ ಏನು? ಕಾದಂಬರಿ ಓದುವ ಹೆಂಗಸು ಸಾರಿಗೆ ಉಪ್ಪು ಮರೆಯುತ್ತಾಳೆಂದು ಹಾನಗಲ್ಲಿನ ನಮ್ಮ ಸೋದರತ್ತೆ ಹೇಳುತ್ತಿದ್ದಳು. ಜನ್ಮದಲ್ಲಿ ಒಂದು ಅಕ್ಷರ ಓದದ ಅವಳ ಸಾರು ಹೇಗಿತ್ತೆಂದು ಉಂಡವರನ್ನು ಕೇಳಿರಿ. ರಾಜಕುಮಾರಿಯರ ಕಥೆ ನನಗೆ ಬೇಡ. ಸವಣೂರಿನಂಥದೇ ಊರು ಬೇಕು, ನಾಯಕ ಬಹಳವಾದರೆ ದವಾಖಾನೆಯ ಕಂಪೌಂಡರ ಆಗಿರಬೇಕು, ಇಬ್ಬರೂ ಇದ್ದಿಲಿನ ಮೋಟಾರು ಕಾಯುತ್ತ ನಿಂತಿರಬೇಕು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯ ಮೇಲೆ ಓಡುತ್ತಿದ್ದ ಆ ಮೋಟಾರು ಹೊರಡುವಷ್ಟರಲ್ಲಿ ಪ್ರೇಮವೇನು, ಲಗ್ನದ ಮಾತುಕತೆಯೂ ಮುಗಿಯಬಹುದಿತ್ತು.

ನಮ್ಮವರು ಶಿಗ್ಗಾಂವಿಯಲ್ಲಿ ಮಾಸ್ತರರು. ಶನಿವಾರ ಸವಣೂರಿಗೆ ಬರುವಾಗ ನನಗೊಂದು ಕಾದಂಬರಿ ಕೊಂಡು ತರುತ್ತಿದ್ದರು. ಅಡ್ಡಿ ಇದ್ದದ್ದು ಅತ್ತೆಯವರ ಮಡಿಯದು. ಪುಸ್ತಕದ ಬೈಂಡಿಗೆ ಗಂಜಿ ಹಚ್ಚಿರುತ್ತಾರೆ, ಗಂಜಿ ಎಂದರೆ ಮುಸುರೆ, ಮಡಿಯುಟ್ಟು ಮುಟ್ಟುವಂತಿಲ್ಲ. ದಿನವಿಡೀ ನನಗೆ ಮಡಿಯ ಅಡಿಗೆಯೇ. ಹೀಗಾಗಿ ತಿಂಗಳಿಗೆ ಮೂರು ದಿನ ಹೊರಗೆ ಕೂತಾಗ ಮಾತ್ರ ನನ್ನ ಓದು. ಆ ಮೂರು ದಿನವನ್ನು ನಾನು ದೀಪಾವಳಿಯಂತೆ ಕಾಯುತ್ತಿದ್ದೆ. ಆದರೆ ಆಸೆ ಕೇಳಬೇಕಲ್ಲ! ಉಳಿದ ಇಪ್ಪತ್ತೇಳು ದಿನ ಏನು ಪಾಪ ಮಾಡಿದ್ದವು?

ಒಂದು ದಿನ ಸಿಟ್ಟು ನೆತ್ತಿಗೇರಿತು. ಕಾದಂಬರಿಯ ರಟ್ಟು ಕಿತ್ತೆ, ಗಂಜಿ ಹತ್ತಿದ ಅಂಚನ್ನು ಕತ್ತರಿಸಿ ಒಗೆದೆ, ಬಿಡಿ ಹಾಳೆಗಳನ್ನು ಮಾವನವರ ಪುರಾಣದ ಪೋಥಿಗಳಂತೆ ಎರಡು ಹಲಗೆಗಳ ನಡುವೆ ಇಟ್ಟು ರೇಷ್ಮೆ ಬಟ್ಟೆಯಲ್ಲಿ ಕಟ್ಟಿದೆ. ಮರುದಿನ ಮಡಿಯಲ್ಲೇ ಒಲೆಯ ಮುಂದೆ ಬಿಚ್ಚಿಕೊಂಡು ಕೂತೆ. ಅತ್ತೆಯವರು ಬಂದು ಅದು ಯಾವ ಪುರಾಣವೆಂದು ಕೇಳಿದರು. ಅವರು ಬೇಡವೆಂದರೆ ನನ್ನ ಓದಿಗೆ ಅಂದೇ ಎಳ್ಳುನೀರು. ಆದರೂ ಸುಳ್ಳು ಹೇಳಲಿಲ್ಲ.

"ಪುರಾಣ ಅಲ್ಲರಿ ಅತ್ತಿಯವರ. ಪ್ರೇಮದ ಕಾದಂಬರಿ."

ಅವರು ಹಾಳೆಗಳನ್ನು ತಿರುವಿ ಮುರುವಿ ಮೂಸಿಯೂ ನೋಡಿದರು. "ಗಂಜಿ ಇಲ್ಲಲ್ಲ? ಹಂಗಾರ ಮಡೀನ ಅದ. ಜೋರಾಗಿ ಓದು, ನನಗೂ ಕೇಳಸ್ಲಿ."

ಅವರ ತಿರುವಾಟದಲ್ಲಿ ಹಾಳೆಗಳು ಹಿಂದುಮುಂದಾಗಿದ್ದವು. ಮೊದಲು ನಾಯಿಕೆ ವಿಮಲೆಯ ಲಗ್ನ ಬಂತು, ಆಮೇಲೆ ಮೋಟಾರಿನ ಹತ್ತಿರ ಕಂಪೌಂಡರನ ಕಣ್ಣಿಗೆ ಬಿದ್ದದ್ದು. ಸರಿಮಾಡಲು ಹೋದರೆ ಅತ್ತೆಯವರು ಕೈ ಹಿಡಿದರು. "ಇರ್ಲಿ ಬಿಡು. ನಮ್ಮದೂ ಹಿಂಗಽ ಆಗೇದ. ಲಗ್ನಾಗಿ ಹನ್ನೊಂದು ವರ್ಷಕ್ಕ ನಿಮ್ಮ ಮಾವ ಒಮ್ಮೆ ನನ್ನ ಮಾರಿ ನೋಡಿ ನಕ್ಕಿದ್ರು." ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು.

ಅವರಿಗೆ ಕಾದಂಬರಿಯ ಮೇಲೆ ಪ್ರೀತಿ ಬಂತು, ಅದೇ ನನಗೆ ಮುಳುವಾಯಿತು. ಹತ್ತು ದಿನಗಳಲ್ಲಿ ನನ್ನ ಕಾದಂಬರಿ ದೇವರ ಮನೆ ಸೇರಿ ಅರಿಷಿಣ ಕುಂಕುಮ ಏರಿಸಿಕೊಂಡಿತು. ಕಂಪೌಂಡರ ಲಡಾಯಿಗೆ ಹೋಗಿದ್ದ, ಕಾಗದವಿಲ್ಲ. ವಿಮಲೆ ಅಳುತ್ತಿದ್ದಳು, ನಾವಿಬ್ಬರೂ ಅಳುತ್ತಿದ್ದೆವು. ಸರಿಯಾಗಿ ಆಗಲೇ ನಾನು ಹೊರಗಾದೆ. ಹಿತ್ತಲ ಕಟ್ಟೆಯ ಮೇಲೆ ಕೂತು ರೂಢಿಯಂತೆ ಕೈ ಚಾಚಿದರೆ ಅತ್ತೆಯವರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಮಡಿ ಪೋಥಿಯನ್ನು ಹೊರಗಾದವಳು ಮುಟ್ಟುವುದುಂಟೆ? ಒಳಗೆ ಅವರು ಅಕ್ಷರ ಕೂಡಿಸಿ ಗುಣುಗುಣು ಓದುವುದು ಕೇಳಿಸುತ್ತಿತ್ತು, ಮೂಗು ಸೇದುವುದೂ ಕೇಳಿಸಿತು. ಕಥೆ ಮಾತ್ರ ಕೇಳಿಸಲಿಲ್ಲ.

"ಅವ ತಿರುಗಿ ಬಂದನೇನ್ರಿ?" ಎಂದು ಕೂಗಿದೆ.

"ಸುಮ್ನ ಕೂಡು. ನಾಲ್ಕನೇ ದಿನ ಎರಕೊಂಡು ಬಾ, ಹೇಳ್ತೇನಿ."

ಆ ಶನಿವಾರ ನಮ್ಮವರಿಗೆ ದೂರದಿಂದಲೇ ತಾಕೀತು ಮಾಡಿದೆ: ಕಾದಂಬರಿ ಎಂಥದಾದರೂ ತನ್ನಿರಿ, ಗಂಜಿ ಮಾತ್ರ ಧಾರಾಳವಾಗಿ ಹಚ್ಚಿರಲಿ.