ಕರ್ನಲ್ ಆರು ವಿಷಯ ತೆಗೆದದ್ದು

ಎಲ್ಲಕ್ಕೂ ಕಾರಣವಾದದ್ದು ಶಾಲೆಯವರು ಕೊಟ್ಟ ಒಂದು ಹಾಳೆ. ಅದರಲ್ಲಿ ಹನ್ನೆರಡು ವಿಷಯಗಳ ಹೆಸರಿತ್ತು, ಪ್ರತಿಯೊಂದರ ಎದುರಿಗೂ ಒಂದು ಪುಟ್ಟ ಚೌಕವಿತ್ತು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಸಾಲು: 'ಕೊನೆಯ ವರ್ಷಕ್ಕೆ ಈ ಕೆಳಗಿನವುಗಳಲ್ಲಿ ಆರು ವಿಷಯಗಳನ್ನು ಗುರುತು ಹಾಕಿ ತೆಗೆಯತಕ್ಕದ್ದು.'

ಹಾಳೆಯ ಒಡತಿಯನ್ನು ಬೀದಿಯವರೆಲ್ಲ ಕರ್ನಲ್ ಎನ್ನುತ್ತಿದ್ದರು. ಆರು ವರ್ಷದವಳಿದ್ದಾಗ ನಲ್ಲಿಯ ಮುಂದೆ ಜಗಳವಾಡುತ್ತಿದ್ದ ದೊಡ್ಡವರನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದಳಂತೆ. ಈಗ ಅವಳಿಗೆ ಹದಿನೇಳು. ಸೇನಾ ಅಕಾಡೆಮಿ ಸೇರಬೇಕು ಎಂಬುದೊಂದು ಬಿಟ್ಟರೆ ತಲೆಯಲ್ಲಿ ಬೇರೆ ಯೋಚನೆಯಿಲ್ಲ. ಅಕಾಡೆಮಿಯ ಕೈಪಿಡಿಯ ಒಂಬತ್ತನೆಯ ಪುಟ ಅವಳಿಗೆ ಬಾಯಿಪಾಠವಾಗಿತ್ತು. ಕೊನೆಯ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಕಂಪ್ಯೂಟರ್, ಇತಿಹಾಸ, ಸಾಹಿತ್ಯ, ಈ ಆರೂ ಇರಲೇಬೇಕು. ಒಂದು ತಪ್ಪಿದರೂ ಅರ್ಜಿಯನ್ನು ಬದಿಗಿಡಲಾಗುವುದು. ಅರ್ಜಿಯ ಜೊತೆ ಫೋಟೊ, ಹಲ್ಲಿನ ಡಾಕ್ಟರ ಪತ್ರ, ಶಾಲೆಯ ಮೊಹರು ಬಿದ್ದ ವಿಷಯಪಟ್ಟಿ ಲಗತ್ತಿಸಬೇಕು. ನಾಳೆ ಮಧ್ಯಾಹ್ನದ ಅಂಚೆ ತಪ್ಪಿದರೆ ಈ ವರ್ಷದ ಮಾತು ಮುಗಿದಂತೆ. ಶಾಲೆಯಲ್ಲಿ ಹಾಳೆ ಕೊಡಲು ಇವತ್ತು ನಾಲ್ಕು ಗಂಟೆ ಕೊನೆ.

ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಆರಕ್ಕೂ ಗುರುತು ಹಾಕಿ, ಶಾಯಿ ಆರಲೆಂದು ಊದುತ್ತಿದ್ದಾಗ ಮಾವ ಮಹಡಿಯಿಂದ ಇಳಿದು ಬಂದ. ಮಾವ ಅಮ್ಮನ ತಮ್ಮ, ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಯಾವ ಕಾಗದ ಕಂಡರೂ ಅವನ ಕೈ ಕೆಂಪು ಪೆನ್ನಿಗಾಗಿ ಜೇಬು ತಡಕುತ್ತದೆ. ಹಾಳೆಯನ್ನು ಒಮ್ಮೆ ನೋಡಿ ತಲೆಯಾಡಿಸಿದ.

"ಸೈನ್ಯಕ್ಕೆ ಹೋಗೋಳು ಗಣಿತ ಯಾಕೆ ತೆಗೆದೆ?"

"ಗಣಿತ ಬೇಕೇ ಬೇಕು ಮಾವ, ಅದಕ್ಕೇ ತೆಗೆದೆ."

"ಬೇಕಾದ್ದನ್ನ ಯಾರಾದ್ರೂ ತೆಗೀತಾರಾ? ಇಪ್ಪತ್ತೆರಡು ವರ್ಷದಿಂದ ಪ್ರೂಫ್ ನೋಡ್ತಿದೀನಿ. ಅಕ್ಷರದ ಮೇಲೆ ಗುರುತು ಹಾಕಿ 'ತೆಗೆ' ಅಂತ ಬರೆದರೆ ಆ ಅಕ್ಷರ ಹೋಯ್ತು ಅಂತಲೇ ಅರ್ಥ. ನಿನ್ನ ಗಣಿತ, ಭೌತಶಾಸ್ತ್ರ ಎಲ್ಲಾ ಹೋಯ್ತು ಈಗ. ಉಳಿದದ್ದು ಸಂಗೀತ, ಚಿತ್ರಕಲೆ, ಹೊಲಿಗೆ, ತೋಟಗಾರಿಕೆ, ಗೃಹವಿಜ್ಞಾನ, ನಾಟಕ."

ಇಷ್ಟು ಹೇಳಿ ಮಾವ ಆರಾಮವಾಗಿ ಚಹಾ ಕುಡಿಯಲು ಕುಳಿತ. ಕರ್ನಲ್ ಆ ಸಾಲನ್ನು ಮತ್ತೆ ಓದಿದಳು. ಮೊದಲು ನೀರು ಕುಡಿದಷ್ಟು ಸುಲಭವಾಗಿದ್ದ ಸಾಲು ಈಗ ಎರಡೂ ಕಡೆಗೆ ವಾಲತೊಡಗಿತು. ಹನ್ನೆರಡರಲ್ಲಿ ಆರು ತೆಗೆದುಕೊಂಡರೂ ಆರೇ ಉಳಿಯುತ್ತದೆ, ಆರು ತೆಗೆದುಹಾಕಿದರೂ ಆರೇ ಉಳಿಯುತ್ತದೆ. ಲೆಕ್ಕ ಹಾಕಿ ಕಂಡುಹಿಡಿಯುವ ದಾರಿಯನ್ನೂ ಶಾಲೆಯವರು ಬಿಟ್ಟಿರಲಿಲ್ಲ. ಬಸ್ ಓಡಿಸಲು ಹೊರಟಿದ್ದ ಅಮ್ಮ ಚಪ್ಪಲಿ ಮೆಟ್ಟುತ್ತಾ, ಶಾಲೆಗೆ ಫೋನ್ ಮಾಡಿ ಕೇಳು ಎಂದಳು. ಫೋನ್ ಹತ್ತು ಸಲವೂ ಎಂಗೇಜ್ ಬಂತು. ಅವಳಿಗಿದ್ದ ಸಂಶಯ ಊರಿನ ಅರ್ಧ ಮಕ್ಕಳಿಗೂ ಬಂದಿರಬೇಕು.

ಫೋಟೊ ಸ್ಟುಡಿಯೊ ಬೀದಿಯ ತುದಿಯಲ್ಲೇ ಇತ್ತು. ಸ್ಟುಡಿಯೊದ ಯಜಮಾನ ಅವಳ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ, ಇಳಿಸಿ, ಮತ್ತೆ ಎತ್ತಿ, ಈ ಹುಡುಗಿಯ ಮುಖ ಯಾಕೆ ಇಷ್ಟು ಸಪ್ಪಗಿದೆ ಎಂದು ವಿಚಾರಿಸಿದ. ಅವಳು ಹಾಳೆ ತೋರಿಸಿದಳು. ಅವನಿಗೆ ನಗು ತಡೆಯಲಾಗಲಿಲ್ಲ.

"ನಿಮ್ಮ ಮಾವನಿಗೆ ಹೇಳು, ನಾನು ಮೂವತ್ತು ವರ್ಷದಿಂದ ಫೋಟೊ ತೆಗೀತಿದೀನಿ. ತೆಗೆದ ಮೇಲೆ ಫೋಟೊ ಕೈಗೆ ಬರುತ್ತೆ, ಹೋಗಲ್ಲ. ಪರೀಕ್ಷೇಲಿ ತೊಂಬತ್ತು ಮಾರ್ಕ್ಸ್ ತೆಗೆದೆ ಅಂದ್ರೆ ಮಾರ್ಕ್ಸ್ ಬಂತೋ, ಹೋಯ್ತೋ?"

ಕರ್ನಲ್‌ಗೆ ಹೋದ ಜೀವ ಬಂದಂತಾಯಿತು. ಮಾವನ ಮಾತಿಗೆ ಹೆದರಿದ್ದಕ್ಕೆ ನಾಚಿಕೆಯೂ ಆಯಿತು. ಅದೇ ಖುಷಿಯಲ್ಲಿ ಕ್ಯಾಮೆರಾದತ್ತ ನೋಡಿದ್ದರಿಂದ ಫೋಟೊದಲ್ಲಿ ಅವಳು ಯುದ್ಧ ಗೆದ್ದು ಬಂದವಳಂತೆ ಕಂಡಳು. ನಾಲ್ಕು ಪ್ರತಿ ಜೇಬಿಗೆ ಹಾಕಿಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೊರಟಳು.

ಡಾಕ್ಟರಮ್ಮ ಮಾತಿನಲ್ಲೂ ಕೈಯಲ್ಲೂ ಚುರುಕು. ಅವಳನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯಿ ತೆಗೆಸಿ, ಕನ್ನಡಿ ತೂರಿಸಿ ಅತ್ತಿತ್ತ ನೋಡಿದರು. ಹಿಂದಿನ ಒಂದು ದವಡೆಹಲ್ಲು ಪೂರ್ತಿ ಹುಳುಕಾಗಿತ್ತು. ಅಕಾಡೆಮಿಯವರು ಹುಳುಕು ಒಪ್ಪುವುದಿಲ್ಲ, ಇದನ್ನು ಇಟ್ಟುಕೊಂಡರೆ ತಾವು ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ಖಂಡಿತವಾಗಿ ಹೇಳಿ, ಅವಳು ಹೂಂ ಎನ್ನುವ ಮೊದಲೇ ಮರಗಟ್ಟಿಸುವ ಸೂಜಿ ಚುಚ್ಚಿದರು. ವಸಡು ಮರಗಟ್ಟುವವರೆಗೆ ಹೊತ್ತು ಹೋಗಲೆಂದು ಅವಳ ಫೈಲು ಬಿಡಿಸಿ ಓದಿದರು. ವಿಷಯದ ಹಾಳೆಯ ಹತ್ತಿರ ಬಂದಾಗ ಅವರ ಹುಬ್ಬು ಮೇಲೇರಿತು. ಇಷ್ಟು ಒಳ್ಳೆಯ ವಿಷಯಗಳನ್ನು ಯಾಕೆ ತೆಗೆದೆ ಎಂದರು. ಕರ್ನಲ್ ಫೋಟೊದವನ ವಾದವನ್ನು ವಿವರಿಸಲು ಹೋದಳು, ಅರ್ಧ ನಾಲಿಗೆ ಮಾತ್ರ ಕೆಲಸ ಮಾಡಿತು. ಅಷ್ಟರಲ್ಲಿ ಇಕ್ಕಳ ಒಳಗೆ ಹೋಯಿತು, ಒಂದು ಕಟಕ್ ಸದ್ದು, ಹಲ್ಲು ಹೊರಗೆ ಬಂತು.

ಡಾಕ್ಟರಮ್ಮ ಅದನ್ನು ತಟ್ಟೆಯಲ್ಲಿ ಹಾಕಿ ಅವಳ ಮುಂದೆ ಹಿಡಿದರು.

"ಈಗ ನಿನ್ನ ಹಲ್ಲು ತೆಗೆದೆ. ಎಲ್ಲಿದೆ ಹೇಳು? ಬಾಯಲ್ಲಂತೂ ಇಲ್ಲ ತಾನೆ?"

ಫೋಟೊದವನ ವಾದ ಬಾಯಿಮಾತಿನದು. ಇದು ಕಣ್ಣೆದುರಿಗೆ, ತಟ್ಟೆಯಲ್ಲಿ ಇತ್ತು. ಕೆನ್ನೆಯೊಳಗೆ ಹತ್ತಿ ತುರುಕಿಕೊಂಡು, ಸಹಿಯಾದ ಪತ್ರ ಹಿಡಿದುಕೊಂಡು ಕರ್ನಲ್ ಶಾಲೆಯ ಕಡೆ ಓಡಿದಳು. ಗಂಟೆ ಮೂರು ಹೊಡೆದಿತ್ತು. ಅವಳಿಗೆ ನಿಜವಾಗಿಯೂ ಭಯವಾಗಿತ್ತು. ಗುಂಡಿಗೂ ಹೆದರುವುದಿಲ್ಲ ಎಂದು ಅರ್ಜಿಯಲ್ಲಿ ಬರೆದುಕೊಂಡ ಹುಡುಗಿ ಒಂದು ಕ್ರಿಯಾಪದಕ್ಕೆ ಹೆದರಿ ಬೆವರುತ್ತಿದ್ದಳು.

ಶಾಲೆಯ ಗೇಟಿನ ಬಳಿ ಅವಳ ತರಗತಿಯ ಪಿಟೀಲು ಕುಳಿತು ಅಳುತ್ತಿದ್ದಳು. ಪಿಟೀಲು ನುಡಿಸುವುದರಿಂದ ಆ ಹೆಸರು. ಅವಳು ಬೆಳಿಗ್ಗೆಯೇ ಸಂಗೀತಕ್ಕೆ ಮೊದಲ ಗುರುತು ಹಾಕಿ ಕೊಟ್ಟಿದ್ದಳಂತೆ. ಗುಮಾಸ್ತರು ಗುರುತಿದ್ದ ಆರನ್ನೂ ಹೊಡೆದು ಹಾಕಿ, ಅವಳ ಪಾಲಿಗೆ ಗಣಿತ, ರಸಾಯನಶಾಸ್ತ್ರ ಎಲ್ಲ ಬರೆದು ಮೊಹರು ಒತ್ತಿಬಿಟ್ಟಿದ್ದರು.

"ಗುರುತು ಹಾಕಿದ್ದೆಲ್ಲಾ ಹೋಯ್ತು ಕಣೇ," ಎಂದು ಅವಳು ಬಿಕ್ಕಿದಳು. "ನಮ್ಮಪ್ಪ ಹೆಡ್ ಮೇಡಂ ಹತ್ರ ಮಾತಾಡೋಕೆ ಹೋಗಿದಾರೆ, ಏನಾಗುತ್ತೋ."

ಏನಾಗುತ್ತದೆಂದು ಕಾಯುವಷ್ಟು ಸಮಯ ಕರ್ನಲ್‌ಗೆ ಇರಲಿಲ್ಲ. ಮಾವ ಹೇಳಿದ್ದು ಸರಿ, ಡಾಕ್ಟರಮ್ಮ ತೋರಿಸಿದ್ದು ಸರಿ, ಈಗ ಸಾಕ್ಷಿಯೂ ಸಿಕ್ಕಿತ್ತು. ಕಚೇರಿಗೆ ಹೋಗಿ ಸನ್ನೆ ಮಾಡಿ ಹೊಸ ಹಾಳೆ ಕೇಳಿ ಪಡೆದಳು. ಒಬ್ಬರಿಗೆ ಎರಡೇ ಹಾಳೆ, ಮೂರನೆಯದು ಇಲ್ಲ ಎಂದು ಗುಮಾಸ್ತರು ಎಚ್ಚರಿಸಿದರು. ಅವಳು ಪಡಸಾಲೆಯ ಮೂಲೆಯ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಸಂಗೀತ, ಚಿತ್ರಕಲೆ, ಹೊಲಿಗೆ, ತೋಟಗಾರಿಕೆ, ಗೃಹವಿಜ್ಞಾನ, ನಾಟಕ ಎಂಬ ಆರು ಶತ್ರುಗಳಿಗೆ ಒಂದೊಂದಾಗಿ ಗುರುತು ಹಾಕಿದಳು. ಬೆನ್ನ ಹಿಂದೆ ಹೆಡ್ ಮೇಡಂ ದಡದಡ ಬಂದದ್ದು, ಕಚೇರಿಯ ಬಾಗಿಲಿಗೆ ಏನನ್ನೋ ಅಂಟಿಸಿದ್ದು, ಒಳಗೆ ಹೋಗಿ ಗುಮಾಸ್ತರಿಗೆ ಗದರಿದ್ದು ಕೇಳಿಸಿತು. ದೊಡ್ಡವರ ಗಲಾಟೆ ತನಗೇಕೆ ಎಂದು ಅವಳು ತಿರುಗಿಯೂ ನೋಡಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವಳ ಸರದಿ ಬಂತು. ಕಚೇರಿಯ ಬಾಗಿಲು ಪೂರ್ತಿ ತೆಗೆದು ಗೋಡೆಗೆ ಒರಗಿತ್ತು. ಗುಮಾಸ್ತರು ಹಾಳೆ ನೋಡಿ, ಅವಳ ಫೈಲಿನ ಮೇಲಿದ್ದ ಅಕಾಡೆಮಿಯ ಹೆಸರು ನೋಡಿ, ಕನ್ನಡಕ ಸರಿಮಾಡಿಕೊಂಡರು.

"ಸೈನ್ಯಕ್ಕೆ ಹೋಗೋಳು ಹೊಲಿಗೆ, ತೋಟಗಾರಿಕೆ ತೆಗೆದಿದ್ದೀಯಲ್ಲಮ್ಮ?"

"ಹೌವು ಹಾರ್, ತೆಗೆವಿವೀನಿ," ಎಂದಳು ಕರ್ನಲ್, ಮರಗಟ್ಟಿದ ಬಾಯಿಯಿಂದ ಆದಷ್ಟು ಸ್ಪಷ್ಟವಾಗಿ.

"ಆರನ್ನೂ ತೆಗೆದಿರೋದು ಖಾತ್ರಿ ತಾನೆ? ಆಮೇಲೆ ನಿಮ್ಮಪ್ಪ ಬಂದು ಕೂಗಾಡಬಾರದು."

ಖಾತ್ರಿ ಎಂದು ಅವಳು ಮೂರು ಸಲ ತಲೆಯಾಡಿಸಿದಳು. ಇಬ್ಬರೂ ಒಂದೇ ಮಾತನ್ನು ಆಡಿ, ಪೂರ್ತಿ ಒಪ್ಪಿ, ತೃಪ್ತರಾದರು. ಮೊಹರು ಬಿತ್ತು. ಅವಳು ಪಟ್ಟಿಯನ್ನು ಶಾಯಿ ಅಳಿಸದಂತೆ ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಳು. ನಾಲ್ಕರ ಗಂಟೆ ಹೊಡೆಯಿತು, ಹಿಂದೆಯೇ ಗುಮಾಸ್ತರು ಬಾಗಿಲು ಎಳೆದುಕೊಂಡರು.

ಬಾಗಿಲು ಮುಚ್ಚಿದ ಮೇಲೆ ಅದರ ಹೊರಮೈ ಕಾಣಿಸಿತು. ಅಲ್ಲಿ ಹಸಿ ಅಂಟಿನ ಒಂದು ಸೂಚನೆ ಇತ್ತು: 'ಗುರುತು ಹಾಕಿದ ವಿಷಯಗಳನ್ನೇ ಕೊಡಲಾಗುವುದು, ಉಳಿದವುಗಳನ್ನು ಬಿಡಲಾಗುವುದು. ಬೆಳಿಗ್ಗೆ ಆದ ತಪ್ಪನ್ನು ಸರಿಪಡಿಸಲಾಗಿದೆ. ಮುಖ್ಯೋಪಾಧ್ಯಾಯಿನಿ.'

ಕರ್ನಲ್ ಕೈಯಲ್ಲಿದ್ದ ಪಟ್ಟಿ ನೋಡಿದಳು. ಸಂಗೀತ ಮೊದಲು, ನಾಟಕ ಕೊನೆಗೆ, ಅವುಗಳ ಕೆಳಗೆ ದುಂಡಗೆ ಮೊಹರು. ಬಾಗಿಲು ಬಡಿದಳು, ಕೂಗಿದಳು. ಒಳಗಿನಿಂದ ಗುಮಾಸ್ತರು, ತಪ್ಪು ತುಂಬಿದವರಿಗೆ ನಾಳೆ ಬೆಳಿಗ್ಗೆ ಬದಲಾವಣೆ ಅರ್ಜಿ ಕೊಡುತ್ತೇವೆ, ಒಬ್ಬರಿಗೆ ಒಂದೇ, ಮತ್ತೆ ತಿದ್ದುಪಡಿ ಇಲ್ಲ ಎಂದರು. ಗೇಟಿನ ಬಳಿ ಪಿಟೀಲು ಅಪ್ಪನ ಕೈ ಹಿಡಿದು ನಗುತ್ತಾ ಹೋಗುತ್ತಿದ್ದಳು. ಆ ನಗು ಕಂಡು ಕರ್ನಲ್‌ಗೆ ಹೊಟ್ಟೆ ಉರಿಯಿತು, ಇಲ್ಲವೆಂದರೆ ಸುಳ್ಳಾದೀತು.

ಸುಮ್ಮನೆ ಬೀದಿ ಸುತ್ತಿ ಕತ್ತಲಾಗುವ ಹೊತ್ತಿಗೆ ಮನೆಗೆ ಬಂದಾಗ ನಾಲಿಗೆಯ ಜೋಮು ಬಿಟ್ಟಿತ್ತು, ವಸಡಿನ ನೋವು ಹಿಡಿದಿತ್ತು. ಮಾವ ಆಗಷ್ಟೇ ಪ್ರೆಸ್ಸಿನಿಂದ ಬಂದು ಕಾಲು ಚಾಚಿ ಕುಳಿತಿದ್ದ. ಅವಳು ಎಲ್ಲವನ್ನೂ ಹೇಳಿ ಅತ್ತುಬಿಟ್ಟಳು. ಮಾವನಿಗೂ ಕರುಳು ಚುರುಕ್ ಎಂದಿತು. ಸೊಸೆಯ ತಲೆ ಸವರಿ, ಬೆಳಿಗ್ಗೆ ತಾನು ಸುಮ್ಮನಿರಬೇಕಿತ್ತು ಎಂದು ಒಪ್ಪಿಕೊಂಡ.

"ಅಳಬೇಡ. ನಾಳೆ ಆ ಬದಲಾವಣೆ ಅರ್ಜಿ ತುಂಬಿದರೆ ಎಲ್ಲಾ ಸರಿಹೋಗುತ್ತೆ. ನಿಮ್ಮ ಹೆಡ್ ಮೇಡಂ ಅದನ್ನ ಇವತ್ತು ಸಾಯಂಕಾಲ ನಮ್ಮ ಪ್ರೆಸ್ಸಿಗೇ ಅರ್ಜೆಂಟಾಗಿ ಕೊಟ್ಟಿದಾರೆ. ನಾನೇ ಪ್ರೂಫ್ ನೋಡಿ ಅಚ್ಚಿಗೆ ಕಳಿಸಿದೆ. ಐನೂರು ಪ್ರತಿ ಆಗಿಹೋಯ್ತು."

ಕರ್ನಲ್ ಅಳು ನಿಲ್ಲಿಸಿದಳು.

"ಮಾವ, ಅದರಲ್ಲಿ ಏನಂತ ಇದೆ?"

"'ಈ ಕೆಳಗೆ ಗುರುತು ಹಾಕಿದ ಆರು ವಿಷಯಗಳನ್ನು ತೆಗೆಯಬೇಕೆಂದು ಕೋರುತ್ತೇನೆ.' ಅಷ್ಟೇ, ಒಂದೇ ಸಾಲು," ಎಂದ ಮಾವ. ಆಮೇಲೆ ಕಸುಬಿನ ಹೆಮ್ಮೆ ತಡೆಯಲಾರದೆ ಸೇರಿಸಿದ: "ಅವರು 'ತೆಗೆದುಕೊಳ್ಳಬೇಕೆಂದು' ಅಂತ ಬರೆದಿದ್ರು. ಒಂದು ಸಾಲಲ್ಲಿ ಹಿಡಿಸ್ಲಿಲ್ಲ. ನಾನು 'ದುಕೊಳ್ಳ' ತೆಗೆದು 'ಯ' ಹಾಕಿದೆ. ನಿನ್ನ ಆ ವಿಷಯದ ಹಾಳೇಲೂ ಹೀಗೇ ಉದ್ದ ಆಗಿತ್ತು, ಆಗಲೂ ತೆಗೆದಿದ್ದೆ. ಪ್ರೂಫಲ್ಲಿ ನಾನು ಅಕ್ಷರ ಎಣಿಸ್ತೀನಿ, ಅರ್ಥ ನೋಡಲ್ಲ."

ಹೊರಗೆ ಅಮ್ಮ ಬಂದ ಸದ್ದಾಯಿತು. ದಿನವಿಡೀ ಬಸ್ ಓಡಿಸಿ ದಣಿದ ದನಿಯಲ್ಲಿ, "ಬಾಗಿಲು ತೆಗಿಯೇ," ಎಂದಳು.

ಕರ್ನಲ್ ಎದ್ದು ಹೋಗಿ ತೆಗೆದಳು. ಅವತ್ತು ಬೆಳಗಿನಿಂದ ಆ ಮಾತಿನ ಅರ್ಥ ಅವಳಿಗೆ ಸಂಶಯವಿಲ್ಲದೆ ತಿಳಿದದ್ದು ಅದೊಂದೇ ಸಲ.