ಭಾವ ಮತ್ತು ಬಾಯಾರದ ಗಿಡ

ದುಬೈಯಲ್ಲಿ ಜೋರಾಗಿ ಗಾಡಿ ಓಡಿಸಿ ಸಿಕ್ಕಿಬಿದ್ದವರು ಮನೆಗೊಬ್ಬರು ಸಿಗುತ್ತಾರೆ. ಗಾಡಿ ನಿಲ್ಲಿಸಿ ಬೈಸಿಕೊಂಡವರು, ನನಗೆ ಗೊತ್ತಿದ್ದ ಹಾಗೆ, ನನ್ನ ಭಾವ ಒಬ್ಬರೇ! ಕಾರಣ? ಒಂದು ಹಲ್ಲಿ ರಸ್ತೆ ದಾಟುತ್ತಿತ್ತು.

ಹಲ್ಲಿ ಎಂದರೆ ಗೋಡೆಯ ಮೇಲೆ ಲೊಚಗುಟ್ಟುವ ನಮ್ಮ ಹಲ್ಲಿಯಲ್ಲ. ಮೊಳದುದ್ದದ, ಮುಳ್ಳು ಬಾಲದ ಮರಳುಗಾಡಿನ ಹಲ್ಲಿ. ಇಲ್ಲಿಯವರು ಅದನ್ನು ದಬ್ ಅನ್ನುತ್ತಾರೆ. ವನ್ಯಧಾಮದೊಳಗಿನ ಮಣ್ಣುರಸ್ತೆಯ ನಟ್ಟನಡುವೆ ಬಂದ ಅದಕ್ಕೆ, ಉಳಿದರ್ಧ ದಾಟುವ ಮೊದಲು ಸ್ವಲ್ಪ ಬಿಸಿಲು ಕಾಯಿಸೋಣ ಅನ್ನಿಸಿತು. ಭಾವ ಕಾರಿನಿಂದಿಳಿದು ಎರಡೂ ಕೈ ಚಾಚಿ ಟ್ರಾಫಿಕ್ ಪೊಲೀಸರ ಹಾಗೆ ನಿಂತರು. ಹಿಂದೆ ಆರು ಗಾಡಿ, ಎದುರಿಗೆ ಪ್ರವಾಸಿಗರ ಒಂದು ಬಸ್ಸು. ಬಸ್ಸಿನವರು ಹಲ್ಲಿಯನ್ನು ಬಿಟ್ಟು ಭಾವನ ಫೋಟೋ ತೆಗೆದರು. ಹಿಂದಿನ ಸೀಟಿನಲ್ಲಿ ಅವರ ಮಗಳು ಮುಖ ಮುಚ್ಚಿಕೊಂಡು "ಪಪ್ಪಾ, ಪ್ಲೀಸ್" ಅನ್ನುತ್ತಲೇ ಇದ್ದಳು. ಹಲ್ಲಿ ಮಾತ್ರ ನಿಧಾನವಾಗಿ ಎದ್ದು, ಬಂದ ಕಡೆಗೇ ವಾಪಸ್ ಹೋಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಮನೆ ಅಲ್ ಮುರಕ್ಕಬಾತ್‌ನಲ್ಲಿ. ನಾನು ನೈಫ್‌ನ ಬ್ಯಾಚುಲರ್ ರೂಮಿನವನು. ವಾರಕ್ಕೆ ಆರು ದಿನ ಅಕ್ಕನ ಕೈಯಡುಗೆ ಉಣ್ಣುವವನು, ಆದ್ದರಿಂದ ಏಳನೆಯ ದಿನ ಭಾವ ಕರೆದಲ್ಲಿಗೆ ಹೋಗಲೇಬೇಕಾದವನು. ಬೇರೆಯವರ ಭಾವಂದಿರು ಮಾಲ್‌ಗೆ ಕರೆದೊಯ್ಯುತ್ತಾರೆ. ನಮ್ಮವರು ಮರಳುಗಾಡಿನ ವನ್ಯಧಾಮಕ್ಕೆ ಕರೆದೊಯ್ಯುತ್ತಾರೆ.

ಮೊದಲ ಸಲ ಹೋದದ್ದು ಓರಿಕ್ಸ್ ನೋಡಲು. ಬಿಳಿ ಮೈಯ, ಉದ್ದ ಕೊಂಬಿನ, ಜಿಂಕೆಯ ದೂರದ ನೆಂಟ. ಒಂದು ಕಾಲದಲ್ಲಿ ಈ ಮರಳುಗಾಡಿನಲ್ಲಿ ಒಂದೂ ಉಳಿಯದೆ ಹೋಗಿ, ಮತ್ತೆ ಸಾಕಿ ಬೆಳೆಸಿ ಬಿಟ್ಟ ಜಾತಿ. ಅಷ್ಟು ಕಷ್ಟ ಕಂಡವರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಭಾವ ನೈಫ್‌ನಿಂದ ಮೂರು ಚಿಪ್ಪು ಬಾಳೆಹಣ್ಣು ತಂದಿದ್ದರು. ಗೇಟಿನಲ್ಲಿದ್ದ ರೇಂಜರ್, ಬಿಳಿ ಗಡ್ಡದ ಎಮಿರಾತಿ, ನಮ್ಮೆಲ್ಲರಿಗಿಂತ ಚೆನ್ನಾಗಿ ಹಿಂದಿ ಮಾತಾಡುವವ, ಪ್ರಾಣಿಗಳಿಗೆ ಏನೂ ಕೊಡುವಂತಿಲ್ಲ ಅಂದ. ಕಾರಿನಲ್ಲೇ ಇರಲಿ ಅಂದೆ ನಾನು. ಭಾವ ಒಪ್ಪಲಿಲ್ಲ. ಇನ್ನೊಬ್ಬರಿಗೆಂದು ತಂದದ್ದನ್ನು ಮನೆಗೆ ತಿರುಗಿ ಒಯ್ಯುವುದು ಅವರ ಜಾಯಮಾನದಲ್ಲೇ ಇಲ್ಲ. ಕೊನೆಗೆ ನಾವು ನಾಲ್ವರು, ರೇಂಜರ್ ಐದನೆಯವನು, ಗೇಟಿನ ಬಳಿಯೇ ನಿಂತು ಮೂರೂ ಚಿಪ್ಪು ಮುಗಿಸಿದೆವು. ಆಮೇಲೆ ಕಂಡ ಓರಿಕ್ಸ್‌ಗಳ ನೆನಪು ನನಗಿಲ್ಲ, ನನ್ನ ಹೊಟ್ಟೆಯ ನೆನಪು ಚೆನ್ನಾಗಿದೆ. ಹೊರಡುವಾಗ ಭಾವ ಅವುಗಳ ಕಡೆ ತಿರುಗಿ "ಬರ್ತೇವೆ, ಆಯ್ತಾ" ಅಂದೇ ಕಾರು ಹತ್ತಿದರು. "ಹೋಗ್ತೇವೆ" ಅನ್ನಬಾರದಂತೆ, ಓರಿಕ್ಸ್‌ಗೂ!

ಚಳಿಗಾಲದ ಶುರುವಿನಲ್ಲಿ ವನ್ಯಧಾಮದವರು ಬೇಲಿಯ ಹೊರಗೆ ಘಾಫ್ ಸಸಿ ನೆಡಲು ಜನರನ್ನು ಕರೆದರು. ಘಾಫ್ ಎಂದರೆ ನಮ್ಮ ಬನ್ನಿಮರವೇ ಅಂತ ಭಾವನಿಗೆ ಗೊತ್ತಾದದ್ದು ಅವತ್ತು. ಗೊತ್ತಾದ ಮೇಲೆ ಸುಮ್ಮನಿರುತ್ತಾರೆಯೇ? ಶೂ ಬಿಚ್ಚಿಟ್ಟು ಅಲ್ಲಿದ್ದ ದೊಡ್ಡ ಘಾಫ್ ಮರಕ್ಕೆ ಸುತ್ತು ಬರತೊಡಗಿದರು. ಇದೂ ನೆಡುವ ಕ್ರಮದ ಒಂದು ಭಾಗವಿರಬೇಕು ಅಂದುಕೊಂಡು ನಾಲ್ಕು ಜನ ಫಿಲಿಪಿನೋ ಹೆಂಗಸರು ಶೂ ಬಿಚ್ಚಿ ಹಿಂದೆಯೇ ಹೊರಟರು. ಎರಡನೆಯ ಸುತ್ತಿನಲ್ಲಿ ಭಾವನ ಕಾಲಿಗೆ ಮುಳ್ಳು ಚುಚ್ಚಿತು. ಮೂರನೆಯದನ್ನು ಕುಂಟುತ್ತ ಮುಗಿಸಿದರು. ಆ ಹೆಂಗಸರೂ ಕುಂಟುತ್ತಲೇ ಮುಗಿಸಿದರು.

ರೇಂಜರ್ ಎಲ್ಲರಿಗೂ ಒಂದೇ ಸೂಚನೆ ಕೊಟ್ಟ. ಹದಿನೈದು ದಿನಕ್ಕೊಮ್ಮೆ ನಾವೇ ನೀರು ಹಾಕುತ್ತೇವೆ, ನೀವು ಯಾರೂ ಹಾಕಬೇಡಿ. ಬಾಯಾರಿದರೆ ಮಾತ್ರ ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ಭಾವ. ಆದರೆ ಉಡುಪಿಯ ಮಳೆಯಲ್ಲಿ ಬೆಳೆದ ಆಸಾಮಿ ಇದನ್ನು ನಂಬಲು ಸಾಧ್ಯವೇ? ಪಾಪದ ಗಿಡವನ್ನು ಉಪವಾಸ ಕೆಡವುವುದೂ ಒಂದು ಕೃಷಿಯೇ ಅಂತ ದಾರಿಯುದ್ದಕ್ಕೂ ಗೊಣಗಿದರು.

ಮೂರು ತಿಂಗಳು ಕಳೆದಿರಬೇಕು, ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಭಾವ ದಿನಾ ತಡವಾಗಿ ಬರುತ್ತಿದ್ದಾರೆ. ಕೇಳಿದರೆ ಕಂಟೇನರ್ ಬಂತು ಅನ್ನುತ್ತಾರೆ. ಅದಾದರೂ ಹೋಗಲಿ, ಶೂವಿನಲ್ಲಿ ಕೆಸರು! "ದುಬೈಯಲ್ಲಿ ಕೆಸರು ಎಲ್ಲಿಂದ ಬರ್ತದೆ ಹೇಳು ನೋಡುವ" ಅಂದಳು. ನಾನು ತಲೆ ಕೆರೆದುಕೊಂಡೆ. ಅಂಗಿಯಲ್ಲಿ ಲಿಪ್‌ಸ್ಟಿಕ್ ಆಗಿದ್ದರೆ ಉತ್ತರ ಸುಲಭವಿತ್ತು.

ಮರುದಿನ ಜೆಬೆಲ್ ಅಲಿಗೆ ಹೋಗಿ, ಕೆಲಸ ಬಿಡುವ ಹೊತ್ತಿಗೆ ಭಾವನ ಕಾರಿನಲ್ಲಿ ಕುಳಿತುಬಿಟ್ಟೆ. ಅವರು ಗಾಡಿ ಓಡಿಸಿದರು. ಡಿಕ್ಕಿಯಲ್ಲಿ ಮನೆಗೆ ತರಿಸುವ ಕುಡಿಯುವ ನೀರಿನ ಎರಡು ದೊಡ್ಡ ಕ್ಯಾನು ಗುಡುಗುಡು ಅನ್ನುತ್ತಿದ್ದವು. ಹೊತ್ತು ಮುಳುಗುವ ಮೊದಲು ವನ್ಯಧಾಮದ ಬೇಲಿ ಮುಟ್ಟಿದೆವು. ಸಾಲಿನಲ್ಲಿದ್ದ ಬೇರೆ ಸಸಿಗಳೆಲ್ಲ ಬಡಕಲು. ಭಾವ ನೆಟ್ಟದ್ದು ಮಾತ್ರ ಅವುಗಳ ಇಮ್ಮಡಿ ಎತ್ತರ, ಕಣ್ಣಿಗೆ ತಂಪಾಗುವ ಹಸಿರು. ದಿನಾ ಬರುತ್ತೀರಾ ಅಂತ ಕೇಳಿದೆ. ಒಂದು ದಿನವೂ ತಪ್ಪಿಸಿಲ್ಲವಂತೆ. "ಇದೊಂದು ಬದುಕ್ಬೇಕು ಮಾರಾಯ" ಅಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ, ನಾನೇ ಹುಡುಕಿದೆ.

ವಿಷಯ ತಿಳಿದ ಅಕ್ಕನಿಗೆ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಮರುದಿನದಿಂದ ಅಕ್ಕಿ ತೊಳೆದ ನೀರನ್ನೂ ಬಾಟಲಿಗೆ ತುಂಬಿಸಿ ಕಳಿಸತೊಡಗಿದಳು.

ಆಮೇಲೊಮ್ಮೆ ಎರಡು ದಿನ ಶಮಾಲ್ ಗಾಳಿ ಬೀಸಿತು. ಕಿಟಕಿ ತೆರೆದರೆ ಬಾಯಲ್ಲೆಲ್ಲ ಮರಳು. ಗಾಳಿ ನಿಂತ ಶನಿವಾರ ನಾವು ನಾಲ್ವರೂ ಹೋದೆವು. ಬಡಕಲು ಸಸಿಗಳೆಲ್ಲ ನೆಟ್ಟಗೆ ನಿಂತಿದ್ದವು. ಭಾವನ ಸಸಿ ಬುಡಮೇಲಾಗಿ ಬಿದ್ದು ಒಣಗಿತ್ತು. ರೇಂಜರ್ ಅದನ್ನು ಎತ್ತಿ ಬೇರು ತೋರಿಸಿದ. ಗೇಣುದ್ದ ಕೂಡ ಕೆಳಗಿಳಿದಿರಲಿಲ್ಲ, ಒದ್ದೆ ಇದ್ದಲ್ಲೇ ಮೇಲೆಮೇಲೆ ಹರಡಿಕೊಂಡಿತ್ತು. ಇವರು ದಿನಾ ಬಂದು ನೀರು ಹಾಕುವುದನ್ನು ಅವನು ನೋಡುತ್ತಿದ್ದನಂತೆ. ಯಾಕೆ ತಡೆಯಲಿಲ್ಲ ಅಂತ ಅಕ್ಕ ಕೇಳಿದಳು. ಗಿಡದ ಹತ್ತಿರ ಕೂತಾಗ ಇವರ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ ಅಂದ.

ತಿರುಗಿ ಬರುವಾಗ ಏನಾದರೂ ತಮಾಷೆ ಮಾಡೋಣವೆಂದು ನಾನು ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದೆ. ತುಂಬ ಹೊತ್ತಿನ ಮೇಲೆ ಭಾವ ರಸ್ತೆ ನೋಡುತ್ತಲೇ ಹೇಳಿದರು, "ಇವಳು ಹುಟ್ಟುವಾಗ ನಾನು ಜೆಬೆಲ್ ಅಲಿಯ ಲೇಬರ್ ಕ್ಯಾಂಪಲ್ಲಿದ್ದೆ. ನಡೆಯುವಾಗ್ಲೂ ಇಲ್ಲೇ. ಶಾಲೆಗೆ ಸೇರುವಾಗ್ಲೂ ಇಲ್ಲೇ. ಒಂದನ್ನಾದ್ರೂ ದಿನಾ ನೋಡಿಕೊಳ್ಳುವ ಅಂತ ಇತ್ತು."

ಹೌದು. ಫ್ಯಾಮಿಲಿ ವೀಸಾ ಸಿಗುವಾಗ ಅವರ ಮಗಳಿಗೆ ಏಳು ವರ್ಷ. ಏರ್‌ಪೋರ್ಟಿನಲ್ಲಿ ಅಪ್ಪನನ್ನು ಕಂಡು ಅಕ್ಕನ ಬೆನ್ನ ಹಿಂದೆ ಅಡಗಿದ್ದಳು. ಅದನ್ನು ನಾವೆಲ್ಲ ಎಷ್ಟು ವರ್ಷ ಹೇಳಿ ಹೇಳಿ ನಕ್ಕಿದ್ದೇವೆ! ಭಾವ ಒಮ್ಮೆಯೂ ನಕ್ಕಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆ ಕಾರಿನಲ್ಲಿ, ಮತ್ತು ನನಗೆ ನಾಚಿಕೆಯಾಯಿತು.

ಹಿಂದಿನ ಸೀಟಿನಲ್ಲಿ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಅಪ್ಪ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಮುಂದಕ್ಕೆ ಬಾಗಿ ಅವರ ಹೆಗಲ ಮೇಲೆ ಕೈಯಿಟ್ಟು ಕನ್ನಡದಲ್ಲಿ ಹೇಳಿದಳು:

"ಪಪ್ಪಾ, ನಾನು ಬಿದ್ದಿಲ್ಲ ಅಲ್ವಾ."

ಭಾವ ಮುಂದೆ ಸಿಕ್ಕಿದ ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿ, ಟಯರಿನ ಗಾಳಿ ನೋಡಿ ಬರ್ತೇನೆ ಅಂತ ಇಳಿದು, ಕಾರಿನ ಹಿಂದೆ ಬೆನ್ನು ಹಾಕಿ ನಿಂತರು. ಅವಳೂ ಇಳಿದು ಹೋಗಿ ಪಕ್ಕದಲ್ಲಿ ನಿಂತಳು. ಒಳಗೆ ಅಕ್ಕ ಅಳುತ್ತಿದ್ದಳು. ಅವರಿಬ್ಬರೂ ತಾವಾಗಿ ಬರುವ ತನಕ ನಾವು ಕರೆಯಲಿಲ್ಲ.