ಪಟಗಾ ಸುತ್ತಿದ ಪ್ಯಾಕೆಟ್ಟು

ಅಂಗಡಿಯವ ಹೇಳಿದ ಬೆಲೆಗೆ ಹೂಂ ಎಂದು ಸಾಮಾನು ತರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮರುಕ. ಮೆಂತ್ಯ ಸೊಪ್ಪಿನಿಂದ ಹಿಡಿದು ಮಗಳ ಮದುವೆಯ ಮಂಟಪದವರೆಗೆ ನಾನು ಚೌಕಾಸಿ ಮಾಡದೆ ತಂದದ್ದು ಯಾವುದೂ ಇಲ್ಲ. ಹಲ್ಲು ಕೀಳಿಸಲು ಹೋದಾಗ ಕೂಡ ‘ಎರಡು ಕಿತ್ತರೆ ಎಷ್ಟಕ್ಕೆ ಮಾಡಿಕೊಡುತ್ತೀರಿ’ ಎಂದು ಕೇಳಿದ್ದೇನೆ, ನೋಯುತ್ತಿದ್ದದ್ದು ಒಂದೇ ಆದರೂ. ಟಿ.ವಿ. ಕೇಬಲ್ ಹೆಗಲಿಗೆ ಹಾಕಿಕೊಂಡು ಕಂಬ ಹತ್ತುತ್ತಿದ್ದ ನಾನು ಇಂದು ಅಥಣಿ ರಸ್ತೆಯಲ್ಲಿ ಆಫೀಸು ಇಟ್ಟು, ವಿಜಯಪುರದಿಂದ ಬಬಲೇಶ್ವರ, ತಿಕೋಟಾದವರೆಗೆ ಇಂಟರ್ನೆಟ್ ಕೊಡುತ್ತಿರುವುದಕ್ಕೆ ಈ ಗುಣವೇ ಕಾರಣವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ.

ನಮ್ಮ ಜಾಲದಲ್ಲಿ ಎಂ.ಪಿ.ಎಲ್.ಎಸ್. ಎಂಬ ಏರ್ಪಾಡಿದೆ. ಹೆಸರಿಗೆ ಹೆದರಬೇಡಿ. ನಮ್ಮ ಕಡೆ ಹಳ್ಳಿಯಿಂದ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರಲ್ಲ, ಹಾಗೆ. ಒಳಗಿರುವುದು ರೊಟ್ಟಿಯೋ ಕಡಬೋ ಎಂದು ಕಂಡಕ್ಟರ್ ಬಿಚ್ಚಿ ನೋಡುವುದಿಲ್ಲ, ಮೇಲಿನ ಚೀಟಿ ನೋಡಿ ಮುಂದಿನ ಬಸ್ಸಿಗೆ ದಾಟಿಸುತ್ತಾನೆ. ನಮ್ಮಲ್ಲಿ ಬರಹವಾಗಲಿ ಚಿತ್ರವಾಗಲಿ ಸಣ್ಣ ದೊಡ್ಡ ಪ್ಯಾಕೆಟ್ಟುಗಳಾಗಿ ಸಾಗುತ್ತದೆ, ಪ್ರತಿಯೊಂದಕ್ಕೂ ಹೊರಡುವಲ್ಲಿ ಅಂಥದೊಂದು ಚೀಟಿ ಹಚ್ಚುತ್ತೇವೆ. ನಡುವಿನ ಊರಿನ ಯಂತ್ರಗಳು ಅದನ್ನು ನೋಡಿ, ಬೇರೆ ಚೀಟಿ ಹಚ್ಚಿ, ಮುಂದಕ್ಕೆ ದಬ್ಬುತ್ತವೆ. ಬುತ್ತಿ ಮುಟ್ಟದಿದ್ದಾಗ ಬಸ್ಸು ಬಂದಿತ್ತೇ ಎಂದು ಮಾತ್ರ ವಿಚಾರಿಸಿ ಸುಮ್ಮನಾಗಬಾರದು. ಈ ಬುದ್ಧಿಮಾತನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ.

ತಿಕೋಟಾದ ಶಾಂತಕ್ಕನವರದು ಒಣದ್ರಾಕ್ಷಿ ತೊಳೆದು ಆರಿಸುವ ಘಟಕ. ಅವರ ಮಾಲಿನ ಚಿತ್ರ ನಮ್ಮ ಲೈನಿನ ಮೇಲೆ ವಿಜಯಪುರಕ್ಕೆ ಬರುತ್ತದೆ, ಅದನ್ನು ನೋಡಿ ಖರೀದಿದಾರರು ಬೆಲೆ ಕೂಗುತ್ತಾರೆ. ಕೂಗು ನಾಲ್ಕು ಗಂಟೆಗೆ ಮುಗಿಯುತ್ತದೆ. ಅಂದು ಎರಡೂವರೆಗೆ ಅವರ ಫೋನು ಬಂತು.

“ಅಣ್ಣಾರ, ನಿಮ್ಮ ಲೈನಿಗೆ ಏನಾಗೇತಿ? ‘ಮಾಲು ರೆಡಿ ಐತಿ’ ಅಂತ ಬರದ್ರ ಹೋಗ್ತೈತಿ. ಮಾಲಿನ ಫೋಟೊ ಹಚ್ಚಿದ್ರ ಹೋಗವಲ್ದು.”

“ಲೈನ್ ಛಲೋ ಐತಿ ಅಕ್ಕಾರ. ಈಗ ಪಿಂಗ್ ಮಾಡಿ ನೋಡೇನಿ.” ಪಿಂಗ್ ಎಂದರೆ ಇಲ್ಲಿಂದ ‘ಇದ್ದೀಯಾ’ ಎಂದು ಕೂಗುವುದು, ಅಲ್ಲಿಂದ ‘ಇದ್ದೇನೆ’ ಎಂದು ಉತ್ತರ ಬರುವುದು.

“ನಮ್ಮ ಮೈದುನನೂ ಕರದ್ರ ಓ ಅಂತಾನ್ರಿ. ಎದ್ದು ಬಂದು ಒಂದ್ ಬಾಕ್ಸ್ ಎತ್ತಾಂಗಿಲ್ಲ. ಕಾಣದ ಮಾಲಿಗೆ ಯಾರ್ ಕೂಗ್ತಾರ? ಇಡೀ ವರ್ಷದ ಮಾಲ್ರಿ ಇದು.”

ಕ್ಯಾಮೆರಾದ ಗಾಜು ಒರೆಸಿರಿ, ಎಲ್ಲವನ್ನೂ ಒಮ್ಮೆ ಆರಿಸಿ ಹಚ್ಚಿರಿ, ತಂತಿಯನ್ನು ಇಲಿ ಕಡಿದಿದೆಯೇ ನೋಡಿರಿ ಎಂದು ನಾನು ಸಲಹೆ ಕೊಡುತ್ತ ಹೋದೆ. “ಎಲ್ಲಾ ಮಾಡೇನ್ರಿ. ಇನ್ನ ಉಪವಾಸ ಒಂದ ಬಾಕಿ ಐತಿ,” ಎಂದರು.

ನಮ್ಮ ಆಫೀಸಿನ ಇಂಜಿನಿಯರ್ ಸವಿತಾ ಸಲಹೆ ಕೊಡುವವಳಲ್ಲ. ಒಂದೊಂದೇ ಊರು ಹಿಡಿದು, ಮೊದಲು ಸಣ್ಣ ಪ್ಯಾಕೆಟ್ಟು, ಆಮೇಲೆ ದೊಡ್ಡದು ಎಂದು ಬಿಟ್ಟು ನೋಡಿದಳು. ತಿಕೋಟಾದಿಂದ ಬಬಲೇಶ್ವರದವರೆಗೆ ಎಲ್ಲವೂ ಸುಸೂತ್ರವಾಗಿ ಬಂದವು. ಅಲ್ಲಿಂದ ಮುಂದೆ ಸಣ್ಣವು ದಾಟಿದವು, ದೊಡ್ಡವು ಸದ್ದಿಲ್ಲದೆ ಮಾಯವಾದವು.

“ಬಬಲೇಶ್ವರದಾಗ ಹೊಸಾದು ಏನರ ಕೂಡಿಸೀರೇನ್ ಸರ್?”

ಕೂಡಿಸಿದ್ದೆ. ಎರಡು ದಿನದ ಹಿಂದೆ ಅಲ್ಲಿ ಪ್ಯಾಕೆಟ್ಟುಗಳನ್ನು ಮುಂದಕ್ಕೆ ದಾಟಿಸುವ ಸ್ವಿಚ್ ಪೆಟ್ಟಿಗೆ ಸುಟ್ಟಿತ್ತು. ಒಬ್ಬನಿಂದ ಬಳಸಿದ ಪೆಟ್ಟಿಗೆಯೊಂದನ್ನು ಅರ್ಧ ಬೆಲೆಗೆ ಕಿತ್ತುಕೊಂಡು ಬಂದು, ಆ ಸಾಹಸವನ್ನು ಚಹಾದ ಜೊತೆ ಎಲ್ಲರಿಗೂ ಬಡಿಸಿದ್ದೆ.

“ಎಷ್ಟ್ ದೊಡ್ಡ ಪ್ಯಾಕೆಟ್ ಒಯ್ತೈತಿ ಅಂತ ಕೇಳಿದ್ರಿ?”

“ಕಡೀ ರೇಟ್ ಎಷ್ಟು ಅಂತ ಕೇಳಿದ್ದೆ.”

ಅವಳು ನಗಲಿಲ್ಲ, ಅದೇ ಕಷ್ಟವಾಯಿತು. “ನೋಡ್ರಿ ಸರ್, ಮದಿವಿ ಗಂಡು ಬಾಗಲದಾಗ ಸರಿಯಾಗಿ ಹಿಡೀತಾನ. ತಲಿಗೆ ಪಟಗಾ ಸುತ್ತಿದ ಮ್ಯಾಲ ಬಡೀತೈತಿ. ತುಂಬಿದ ಪ್ಯಾಕೆಟ್ಟಿಗೆ ನಮ್ಮ ಚೀಟಿ ಹಚ್ಚಿದ್ರ ಹಂಗ ಆಗ್ತೈತಿ. ಸಣ್ಣ ಹುಡುಗೂರು ಪಟಗಾ ಸುತಗೊಂಡ್ರೂ ಒಳಗ ಓಡಿ ಹೋಗ್ತಾವ. ಅದಕ್ಕ ನಿಮ್ಮ ಪಿಂಗ್ ದಾಟೇತಿ.”

“ಬಾಗಲಾ ಎತ್ತರ ಮಾಡಾಕ ಬರಾಂಗಿಲ್ಲೇನು?”

“ಆ ಪೆಟಿಗಿ ಇರೂದ ಅಷ್ಟು. ಇವತ್ತಿನ ಮಟ್ಟಿಗೆ ಗಂಡಿಗೇ ಬಗ್ಗಾಕ ಹೇಳೂಣು.”

ಎರಡೂ ತುದಿಯ ಯಂತ್ರಗಳಿಗೆ ಪ್ಯಾಕೆಟ್ಟುಗಳನ್ನು ಕೊಂಚ ಸಣ್ಣದಾಗಿ ಕಟ್ಟಲು ಹೇಳಿದಳು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಶಾಂತಕ್ಕನವರ ದ್ರಾಕ್ಷಿ ವಿಜಯಪುರದ ಪರದೆಯ ಮೇಲೆ ಮೂಡಿತು. ಅವರ ಮಾಲಿಗೇ ಕೊನೆಯ ಕೂಗು.

ಸಂಜೆ ಅವರೇ ಫೋನು ಮಾಡಿದರು. “ಮಾಲು ಹೋತ್ರಿ ಅಣ್ಣಾರ. ಏನಾಗಿತ್ತು?”

“ಹಾದ್ಯಾಗ ಒಂದು ಬಾಗಲಾ ಗಿಡ್ಡ ಇತ್ರಿ.”

“ಯಾರ್ ಕಟ್ಟಿದ್ರದನ್ನ?”

“ಹಲೋ, ಹಲೋ, ದನಿ ಬರವಲ್ದು ಅಕ್ಕಾರ,” ಎಂದು ಫೋನ್ ಇಟ್ಟೆ.

ಮರುದಿನ ಹೊಸ ಪೆಟ್ಟಿಗೆ ತರಲು ಸವಿತಾ ಬರೆದುಕೊಟ್ಟ ಚೀಟಿಯನ್ನೇ ಹಿಡಿದು ದೊಡ್ಡ ಅಂಗಡಿಗೆ ಹೋದೆ. ಅಂಗಡಿಯವ ಬೆಲೆ ಹೇಳಿದ. ನಾನು ಹೂಂ ಎಂದೆ. ಅವನು ಗಾಬರಿಯಾಗಿ, “ಆರಾಮ ಅದೀರಿಲ್ಲೋ ಸಾಹೇಬ್ರ?” ಎಂದು ಕುರ್ಚಿ ಸರಿಸಿದ. ಹಣ ಕೊಟ್ಟು ಮೆಟ್ಟಿಲು ಇಳಿಯುವವರೆಗೂ ತಡೆದುಕೊಂಡಿದ್ದೆ, ಆಮೇಲೆ ಆಗಲಿಲ್ಲ. ತಿರುಗಿ ಹೋಗಿ, “ಒಂದು ವಯರ್ ಆದ್ರೂ ಪುಕ್ಕಟೆ ಹಾಕ್ರಿ,” ಎಂದೆ. ಹಾಕಿದ.

ಬಬಲೇಶ್ವರದಲ್ಲಿ ಜೋಡಿಸುವಾಗ ಆ ವಯರು ಒಂದು ಗೇಣು ಕಡಿಮೆ ಬಿತ್ತು. ಸವಿತಾ ನನ್ನ ಮುಖವನ್ನೊಮ್ಮೆ ನೋಡಿ, ನನ್ನ ಅರ್ಧ ಬೆಲೆಯ ಪೆಟ್ಟಿಗೆಯನ್ನು ಕೆಳಗಿಟ್ಟು ಅದರ ಮೇಲೆ ಹೊಸದನ್ನು ಕೂಡಿಸಿದಳು. ವಯರು ಸರಿಯಾಗಿ ಮುಟ್ಟಿತು. ಈಗ ಆ ಕೋಣೆಗೆ ಯಾರು ಬಂದರೂ ನಾನು ಕೆಳಗಿನ ಪೆಟ್ಟಿಗೆ ತೋರಿಸಿ ಹೇಳುತ್ತೇನೆ: ಇಷ್ಟು ಗಟ್ಟಿಯಾದ ಮಣೆ ಈ ಬೆಲೆಗೆ ಎಲ್ಲಿಯೂ ಸಿಗುವುದಿಲ್ಲ.